ಬಿಳಿ ನೆಲದ ಐಕಾನ್: ಲ್ವೀವ್ ಚಿತ್ರಕಾರರ ಕ್ರಮದಲ್ಲಿ ಹಲಗೆಯ ಮೇಲೆ ಕ್ರಿಸ್ತನ ಮುಖ ಬರೆಯುವುದು

ನಾವು ಕನ್ನಡದಲ್ಲಿ ಚಿತ್ರ "ಬರೆಯುತ್ತೇವೆ". ಉಕ್ರೇನಿಯನ್ನರೂ ಹಾಗೇ. ಅವರ "ಪಿಸಾಟಿ" ಎಂಬ ಒಂದೇ ಕ್ರಿಯಾಪದ ಅಕ್ಷರ ಬರೆಯುವುದಕ್ಕೂ ಐಕಾನ್, ಅಂದರೆ ಚರ್ಚಿನ ಪವಿತ್ರ ಚಿತ್ರ, ಬರೆಯುವುದಕ್ಕೂ ಸಲ್ಲುತ್ತದೆ. ಈ ಕೆಲಸಕ್ಕೆ ಇಳಿಯುವ ಮೊದಲು ಈ ಮಾತು ತಲೆಯಲ್ಲಿ ಕೂತಿರಲಿ, ಏಕೆಂದರೆ ಬರೆಯುವವನಿಗೆ ಕಾಗದದ ಬಿಳುಪು ಎಷ್ಟು ಮುಖ್ಯವೋ ಐಕಾನಿಗೆ ಹಲಗೆಯ ಬಿಳುಪು ಅಷ್ಟೇ ಮುಖ್ಯ. ಪಶ್ಚಿಮ ಉಕ್ರೇನಿನ ಲ್ವೀವ್ ನಗರದಲ್ಲಿ ಕಳೆದ ಮೂರು ದಶಕಗಳಲ್ಲಿ ಬೆಳೆದ ಹೊಸ ಐಕಾನ್ ಕಲೆಯ ಗುಟ್ಟೂ ಅಲ್ಲೇ ಇದೆ. ಬಣ್ಣ ತೆಳು; ನೆಲ, ಅಂದರೆ ಬಣ್ಣದ ಕೆಳಗಿನ ಬಿಳಿ ಲೇಪ, ದಪ್ಪ. ಬೆಳಕು ಮೇಲಿಂದ ಬೀಳುವುದಿಲ್ಲ, ಕೆಳಗಿನ ಬಿಳಿಯಿಂದ ಮೇಲೆ ಬರುತ್ತದೆ. ಹೆಚ್ಚಿನವರು ಸೋಲುವುದು ಮುಖ ಬರೆಯುವಾಗಲ್ಲ, ಹಲಗೆ ಸಿದ್ಧಪಡಿಸುವಾಗ. ಹಾಗಾಗಿ ಇಲ್ಲಿ ನೆಲದ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಕೈ ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ತಿಳಿಯುತ್ತದೆ. ಲ್ವೀವ್‌ನ ಆರ್ಚ್‌ಬಿಷಪ್ ಆಂದ್ರೇಯ್ ಶೆಪ್ತಿತ್ಸ್ಕಿ 1905ರಲ್ಲಿ ಅಲ್ಲೊಂದು ಮ್ಯೂಸಿಯಂ ಸ್ಥಾಪಿಸಿ, ಹಳ್ಳಿ ಚರ್ಚುಗಳಲ್ಲಿ ಹಾಳಾಗುತ್ತಿದ್ದ ಮಧ್ಯಯುಗದ ಐಕಾನುಗಳನ್ನು ಕಲೆಹಾಕಿದರು. ಅದೇ ಇಂದಿನ ಲ್ವೀವ್ ರಾಷ್ಟ್ರೀಯ ಮ್ಯೂಸಿಯಂ. ಆ ಹಲಗೆಗಳಿಂದ ಕಲಿತ ಮಿಖಾಯ್ಲೋ ಬೊಯ್ಚುಕ್ ಹಳೆಯ ಐಕಾನಿನ ಗೆರೆಯನ್ನು ಆಧುನಿಕ ಚಿತ್ರಕ್ಕೆ ತಂದರು. 1937ರಲ್ಲಿ ಸೋವಿಯತ್ ಆಡಳಿತ ಅವರನ್ನು ಗುಂಡಿಕ್ಕಿ ಕೊಂದಿತು. 1946ರಲ್ಲಿ ಆ ಪ್ರದೇಶದ ಗ್ರೀಕ್ ಕ್ಯಾಥೊಲಿಕ್ ಚರ್ಚನ್ನೇ (ಪೂರ್ವದ ವಿಧಿಗಳನ್ನು ಉಳಿಸಿಕೊಂಡು ಪೋಪರನ್ನು ಒಪ್ಪುವ ಚರ್ಚು) ನಿಷೇಧಿಸಲಾಯಿತು. 1989ರಲ್ಲಿ ಅದು ಮತ್ತೆ ಬಹಿರಂಗಕ್ಕೆ ಬಂದಾಗ ಐಕಾನ್ ಬೇಕಾದ ಚರ್ಚುಗಳು ನೂರಾರು, ಬರೆಯಬಲ್ಲವರು ಬೆರಳೆಣಿಕೆ. 1990ರ ದಶಕದಲ್ಲಿ ರೋಮನ್ ವಸಿಲಿಕ್ ಅವರ ಮುಂದಾಳತ್ವದಲ್ಲಿ ಲ್ವೀವ್ ಕಲಾ ಅಕಾಡೆಮಿಯಲ್ಲಿ ಪವಿತ್ರ ಕಲೆಯ ವಿಭಾಗ ಶುರುವಾಯಿತು. 2010ರಲ್ಲಿ ವಿರ್ಮೆನ್ಸ್ಕಾ ಬೀದಿಯಲ್ಲಿ ಐಕಾನ್‌ಆರ್ಟ್ ಎಂಬ ಗ್ಯಾಲರಿ ತೆರೆಯಿತು. ಲ್ಯೂಬಾ ಯಾತ್ಸ್ಕಿವ್, ಇವಾಂಕಾ ಡೆಮ್ಚುಕ್, ದನಿಲೋ ಮೊವ್ಚಾನ್, ಓಲ್ಯಾ ಕ್ರಾವ್ಚೆಂಕೊ, ಕೊಸ್ತ್ಯಾಂತಿನ್ ಮಾರ್ಕೊವಿಚ್ ಈ ಬಳಗದ ಪರಿಚಿತ ಹೆಸರುಗಳು. ಒಬ್ಬೊಬ್ಬರ ಕೈ ಒಂದೊಂದು ಬಗೆ. ಯಾತ್ಸ್ಕಿವ್ ಅವರ ಗೆರೆ, ಬಣ್ಣ ಎರಡೂ ಗಟ್ಟಿ ದನಿಯವು. ಡೆಮ್ಚುಕ್ ಅವರದು ಹೆಚ್ಚೂ ಕಡಿಮೆ ಬಿಳಿಯೇ: ಒರಟು ಬಿಳಿ ನೆಲ, ಒಂದಿಷ್ಟು ಮಣ್ಣಿನ ಬಣ್ಣ, ಕೂದಲೆಳೆಯಂಥ ಚಿನ್ನದ ಗೆರೆ.

ಮೊದಲ ಹಲಗೆಗೆ ನಾವು ಸೂಚಿಸುವ ವಸ್ತು "ಕೈಯಿಂದ ಮಾಡದ ಮುಖ". ಎದೆಸ್ಸಾದ ರಾಜ ಅಬ್ಗರನಿಗಾಗಿ ಕ್ರಿಸ್ತನು ಮುಖ ಒರಸಿಕೊಂಡ ಬಟ್ಟೆಯ ಮೇಲೆ ಮುಖವೇ ಅಚ್ಚಾಯಿತು ಎಂಬ ಕಥೆಯ ಐಕಾನ್ ಇದು. ಇದರಲ್ಲಿ ಮೈ ಇಲ್ಲ, ಕೈ ಇಲ್ಲ, ಉಡುಪಿನ ನೆರಿಗೆ ಇಲ್ಲ. ಮುಖ, ಪ್ರಭಾವಲಯ, ಬಟ್ಟೆ ಇಷ್ಟೇ. ಆ ಬಟ್ಟೆಯನ್ನು ನೀವು ಬಣ್ಣದಲ್ಲಿ ಬರೆಯಬೇಕಾಗಿಯೂ ಇಲ್ಲ. ಹಲಗೆಯ ಬಿಳಿ ನೆಲವನ್ನೇ ಬಟ್ಟೆಯಾಗಿ ಬಿಡುವುದು.

ಹಲಗೆ

ಅಳತೆ 25 × 30 ಸೆಂ.ಮೀ. ಉಕ್ರೇನಿನಲ್ಲಿ ಚೆನ್ನಾಗಿ ಒಣಗಿದ ಲಿಂಡನ್ ಮರ ಬಳಸುತ್ತಾರೆ. ಗಂಟು ಕಡಿಮೆ, ಮೃದು, ಎಣ್ಣೆಯಂಶ ಇಲ್ಲ. ಅದಕ್ಕೆ 2.5 ಸೆಂ.ಮೀ. ದಪ್ಪ ಇರಬೇಕು, ಹಿಂಬದಿಯಲ್ಲಿ ಅಡ್ಡಕ್ಕೆ ಎರಡು ಪಟ್ಟಿಗಳನ್ನು ತೋಡು ಕೊರೆದು ಕೂರಿಸಬೇಕು. ಪಟ್ಟಿಗೆ ಅಂಟು ಹಾಕಬಾರದು, ಮೊಳೆ ಹೊಡೆಯಬಾರದು. ಮರ ಹಿಗ್ಗಿ ಕುಗ್ಗುವಾಗ ಪಟ್ಟಿ ಜಾರಬೇಕು. ಜಾರದಿದ್ದರೆ ಹಲಗೆ ಸೀಳುತ್ತದೆ. ನಮ್ಮಲ್ಲಿ ಲಿಂಡನ್ ಸಿಗುವುದಿಲ್ಲ. ಗಟ್ಟಿ ಅಂತ ತೇಗ ತರಬೇಡಿ. ತೇಗದ ಎಣ್ಣೆಯ ಮೇಲೆ ಪ್ರಾಣಿಜನ್ಯ ಅಂಟು ಹಿಡಿಯುವುದಿಲ್ಲ, ವರ್ಷದೊಳಗೆ ನೆಲ ಹಪ್ಪಳದಂತೆ ಎದ್ದು ಬರುತ್ತದೆ. 18 ಮಿ.ಮೀ. ಜಲನಿರೋಧಕ ಪ್ಲೈವುಡ್ ಒಳ್ಳೆಯ ಆಯ್ಕೆ. ಅದು ಬಾಗುವುದು ಕಡಿಮೆ, ಪಟ್ಟಿಯೂ ಬೇಡ. ಮೇಲ್ಮೈಯನ್ನು 80 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಚಾಕುವಿನ ಮೊನೆಯಿಂದ ಕರ್ಣರೇಖೆಗಳಲ್ಲಿ ಗೀರಿ. ಅಂಟಿಗೆ ಕಚ್ಚಿಕೊಳ್ಳಲು ಆ ಗೀರು ಬೇಕು.

ಅಂಟು

20 ಗ್ರಾಂ ಮೊಲದ ಚರ್ಮದ ಅಂಟಿನ ಹರಳು, 280 ಮಿ.ಲೀ. ನೀರು. ಹರಳು ಸಿಗದಿದ್ದರೆ ಅಡುಗೆಯ ಸಪ್ಪೆ ಜೆಲಾಟಿನ್ ಇದೇ ಪ್ರಮಾಣದಲ್ಲಿ ನಡೆಯುತ್ತದೆ. ಬಡಗಿಗಳ ಹಳೆಯ ಮರವಜ್ರ ಬೇಡ. ಕುರ್ಚಿ ಕಾಲಿಗೆ ಸರಿ, ಆದರೆ ಒಣಗಿದ ಮೇಲೆ ಬಿರುಸಾಗಿ ಪಟಪಟನೆ ಒಡೆಯುತ್ತದೆ. ಫೆವಿಕಾಲ್ ತರಹದ ಬಿಳಿ ಅಂಟನ್ನೂ ಬಳಸಬೇಡಿ. ಅದು ಪ್ಲಾಸ್ಟಿಕ್ ಪದರವಾಗಿ ನಿಂತು ನೀರನ್ನು ಹೀರಲು ಬಿಡುವುದಿಲ್ಲ, ಮುಂದೆ ನಾವು ಬಳಸುವ, ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ ಅದರ ಮೇಲೆ ಜಾರುತ್ತದೆ.

ಹರಳನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಅಂಟಿನ ಪಾತ್ರೆ ಇಟ್ಟು ಕರಗಿಸಿ. 60 ಡಿಗ್ರಿ ದಾಟಬಾರದು, ಅಂದರೆ ಬೆರಳು ಅದ್ದಿದರೆ ಸುರ್ ಎನ್ನಬೇಕು, ಕುದಿ ಮಾತ್ರ ಬರಬಾರದು. ಕುದಿಸಿದ ಅಂಟಿನ ಬಲ ಸತ್ತುಹೋಗುತ್ತದೆ, ನೋಡಲು ಹಾಗೇ ಇದ್ದರೂ. ಒಂದು ಚಮಚ ತೆಗೆದು ಫ್ರಿಜ್ಜಿನಲ್ಲಿಟ್ಟು ಪರೀಕ್ಷಿಸಿ: ಗಟ್ಟಿ ಮೊಸರಿನಂತೆ ಕೂತು, ಬೆರಳಿಂದ ಸೀಳಿದಾಗ ಅಂಚು ಒರಟಾಗಿ ಬಿಟ್ಟರೆ ಹದ ಸರಿ. ರಬ್ಬರಿನಂತೆ ಪುಟಿದರೆ ನೀರು ಸೇರಿಸಿ.

ಬೆಚ್ಚಗಿನ ಅಂಟನ್ನು ಹಲಗೆಯ ಎರಡೂ ಮೈಗೆ, ಅಂಚುಗಳಿಗೂ ಬಳಿಯಿರಿ. ಮುಂದಿನ ಮೈಗೆ ಮಾತ್ರ ಬಳಿದರೆ ಒಣಗುವಾಗ ಅಂಟು ಎಳೆದು ಹಲಗೆ ದೋಣಿಯಂತೆ ಬಾಗುತ್ತದೆ. ನಾಲ್ಕು ಗಂಟೆ ಬಿಟ್ಟು ಬಟ್ಟೆ ಅಂಟಿಸುವುದು. ಇದಕ್ಕೆ ಹತ್ತಾರು ಸಲ ಒಗೆದ ಹಳೇ ಪಂಚೆಗಿಂತ ಒಳ್ಳೆಯದು ಬೇರೆ ಇಲ್ಲ: ಗಂಜಿ ಪೂರ್ತಿ ಹೋಗಿರುತ್ತದೆ, ನೂಲು ಕುಗ್ಗುವಷ್ಟು ಕುಗ್ಗಿರುತ್ತದೆ. ಜರಿ ಅಂಚು, ಹೊಲಿಗೆ ಕತ್ತರಿಸಿ ತೆಗೆದು, ಬಿಸಿ ಅಂಟಿನಲ್ಲಿ ಅದ್ದಿ, ಹಿಂಡಿ, ಹಲಗೆಯ ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಒತ್ತುತ್ತ ಹೋಗಿ. ಕೆಳಗೆ ಒಂದೇ ಒಂದು ಗಾಳಿಗುಳ್ಳೆ ಉಳಿದರೂ ಮುಂದೆ ಅಲ್ಲೇ ನೆಲ ಟೊಳ್ಳಾಗುತ್ತದೆ. ಒಣಗಿದ ಮೇಲೆ ಉಗುರಿಂದ ತಟ್ಟಿ ನೋಡಿದರೆ ಸದ್ದೇ ಹೇಳುತ್ತದೆ. ಇಡೀ ಒಂದು ದಿನ ಒಣಗಲಿ. ಬಟ್ಟೆಯ ಮೇಲಿನ ಮುಖದ ಕಥೆಯನ್ನು ಬರೆಯುವ ಹಲಗೆಯ ಒಳಗೂ ಒಂದು ಬಟ್ಟೆ ಇರುತ್ತದೆ ಎಂಬುದು ಹೊರಗೆ ಯಾರಿಗೂ ಕಾಣುವುದಿಲ್ಲ. ಬರೆಯುವವರಿಗೆ ಗೊತ್ತಿದ್ದರೆ ಸಾಕು.

ಲೆವ್ಕಾಸ್, ಅಂದರೆ ಬಿಳಿ ನೆಲ

ಮೈಸೂರು ಶೈಲಿಯ ಚಿತ್ರದಲ್ಲಿ ಚಿನ್ನದ ಹಾಳೆಯ ಕೆಳಗೆ ಗೆಸ್ಸೊ ಎಂಬ ಉಬ್ಬುಲೇಪ ಎತ್ತುವವರಿಗೆ ಈ ಕೆಲಸದ ಜಾತಿ ಗೊತ್ತು. ಅಲ್ಲಿ ಗೆಸ್ಸೊ ಒಡವೆಗೆ, ಕಂಬಕ್ಕೆ, ಅಂಚಿಗೆ; ಇಲ್ಲಿ ಇಡೀ ಹಲಗೆಗೆ.

100 ಮಿ.ಲೀ. ಬೆಚ್ಚಗಿನ ಅಂಟಿಗೆ 150 ಗ್ರಾಂ ಸೀಮೆಸುಣ್ಣದ ನಯಪುಡಿ. ಈ ಅಳತೆಯ ಹಲಗೆಗೆ 200 ಮಿ.ಲೀ. ಅಂಟು, 300 ಗ್ರಾಂ ಪುಡಿ ಸಾಕು. ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿರಬೇಕು. ಶಾಲೆಯ ಬಳಪ ಕುಟ್ಟಿ ಹಾಕಬೇಡಿ, ಈಗಿನ ಬಳಪಗಳಲ್ಲಿ ಬಹಳಷ್ಟು ಜಿಪ್ಸಮ್‌ನಿಂದ ಮಾಡಿದವು. ಗೋಡೆಗೆ ಬಳಿಯುವ ಸುಣ್ಣವಂತೂ ಬೇಡವೇ ಬೇಡ, ಅದರ ಖಾರ ಅಂಟನ್ನೂ ಬಣ್ಣವನ್ನೂ ತಿಂದುಹಾಕುತ್ತದೆ.

ಪುಡಿಯನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಅಂಟಿನ ಮೇಲೆ ಉದುರಿಸಿ. ಕೈ ಆಡಿಸಬೇಡಿ. ಪುಡಿ ತಾನೇ ನೆನೆದು ಮುಳುಗಲಿ. ಅರ್ಧ ಗಂಟೆ ಬಿಟ್ಟು ಅಗಲ ಬ್ರಷ್‌ನಿಂದ ನಿಧಾನ ತಿರುಗಿಸಿ. ಇಲ್ಲಿ ಅವಸರ ಮಾಡಿ ಗರಗರ ತಿರುಗಿಸಿದರೆ ಗಾಳಿ ಸೇರಿಕೊಂಡು, ಒಣಗಿದಾಗ ಸೂಜಿ ಚುಚ್ಚಿದಂಥ ರಂಧ್ರಗಳು ನೂರಾರು ಕಾಣುತ್ತವೆ. ಹಾಗೆ ಬಂದರೆ ಉಜ್ಜಿ ತೆಗೆಯಲು ಹೋಗಬೇಡಿ, ಕೆಳಗೆ ಇನ್ನಷ್ಟು ಇರುತ್ತವೆ. ಮುಂದಿನ ಪದರವನ್ನು ಬ್ರಷ್ ಬಿಟ್ಟು ಬೆರಳಿಂದ ಗುಂಡಗೆ ತಿಕ್ಕಿ ತುಂಬಿಸಿ.

ಮೊದಲ ಪದರ ಅಂಗೈಯಲ್ಲಿ ಬಟ್ಟೆಯ ನೇಯ್ಗೆಯೊಳಗೆ ತಿಕ್ಕುವುದು. ಆಮೇಲೆ ಬ್ರಷ್‌ನಲ್ಲಿ ಒಂದು ಪದರ ಅಡ್ಡಕ್ಕೆ, ಒಂದು ಪದರ ಉದ್ದಕ್ಕೆ, ಒಟ್ಟು ಎಂಟರಿಂದ ಹತ್ತು. ಹೊಳಪು ಹೋಗಿ ಮಂಕಾದ ಕೂಡಲೇ ಮುಂದಿನದು. ಎಲ್ಲವೂ ಒಂದೇ ದಿನ, ಒಂದೇ ಪಾತ್ರೆಯ ಮಿಶ್ರಣದಿಂದ ಆಗಬೇಕು. ಮಿಶ್ರಣ ಬಿಸಿನೀರಿನಲ್ಲಿ ಕೂತಂತೆ ನೀರು ಆವಿಯಾಗಿ ಅಂಟಿನ ಬಲ ಏರುತ್ತದೆ. ದುರ್ಬಲ ಪದರದ ಮೇಲೆ ಬಲವಾದ ಪದರ ಬಿದ್ದರೆ ಒಣಗುವಾಗ ಮೇಲಿನದು ಕೆಳಗಿನದನ್ನು ಕಿತ್ತೆಳೆಯುತ್ತದೆ. ಒಣಗಿದ ಕೆರೆಯ ತಳದಂತೆ ಬಿರುಕು ಬಿಡಲು ಬಹುಪಾಲು ಇದೇ ಕಾರಣ. ಹಾಗಾಗಿ ಪ್ರತಿ ಮೂರು ಪದರಕ್ಕೊಮ್ಮೆ ಒಂದು ಚಮಚ ಬಿಸಿನೀರು ಸೇರಿಸುತ್ತ ಹೋಗಿ. ಬಿರುಕಿಗೆ ಇನ್ನೊಂದು ಕಾರಣ ಫ್ಯಾನ್ ಮತ್ತು ಬಿಸಿಲು. ನೆರಳಲ್ಲಿ, ಗಾಳಿಯ ಓಟ ಇಲ್ಲದ ಕೋಣೆಯಲ್ಲಿ, ಹಲಗೆಯನ್ನು ಮಲಗಿಸಿ ಒಣಗಿಸಿ. ಜಡಿಮಳೆಯ ವಾರದಲ್ಲಿ ಈ ಕೆಲಸ ಹಚ್ಚಿಕೊಳ್ಳಬೇಡಿ, ಪದರ ಒಣಗುವ ಮೊದಲೇ ಅಂಟು ಹುಳಿಯುತ್ತದೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ.

ಎರಡು ದಿನ ಬಿಟ್ಟು ಉಜ್ಜುವುದು: 220, ಆಮೇಲೆ 400, ಕೊನೆಗೆ 600. ಮಾಸ್ಕ್ ಕಟ್ಟಿಕೊಳ್ಳಿ. ಮುಖ ಬರುವ ಜಾಗ ಮೊಟ್ಟೆಯ ಚಿಪ್ಪಿನಷ್ಟು ನುಣುಪಾಗಬೇಕು. ಅಂಚಿನ ಕಡೆ, ಬಟ್ಟೆ ಎಂದು ಬಿಡುವ ಜಾಗದಲ್ಲಿ, ಬೇಕಿದ್ದರೆ ಬ್ರಷ್‌ನ ಗೀರುಗಳನ್ನು ಹಾಗೇ ಉಳಿಸಿ. ಓರೆ ಬೆಳಕು ಬಿದ್ದಾಗ ಆ ಒರಟಿನಲ್ಲಿ ಸಣ್ಣ ಸಣ್ಣ ನೆರಳು ಕೂತು ನೇಯ್ಗೆಯಂತೆಯೇ ಕಾಣುತ್ತದೆ. ಉಗುರು ಒತ್ತಿ ನೋಡಿ: ಬಿಳಿ ಪುಡಿ ಉದುರಿದರೆ ಅಂಟು ಕಡಿಮೆಯಾಗಿದೆ, 2 ಶೇಕಡಾ ಅಂಟುನೀರನ್ನು ಒಮ್ಮೆ ತೆಳುವಾಗಿ ಎಳೆಯಿರಿ. ಇನ್ನು ಮುಂದೆ ನೆಲದ ಮೇಲೆ ಬರಿಗೈ ಇಡಬೇಡಿ. ಬೆರಳಿನ ಜಿಡ್ಡು ಈಗ ಕಾಣುವುದಿಲ್ಲ, ಬಣ್ಣ ಹಚ್ಚಿದಾಗ ಅಲ್ಲಿ ಮಾತ್ರ ಅದು ಹಿಡಿಯುವುದಿಲ್ಲ.

ಮೂರು ವೃತ್ತ

ಬೈಜಾಂಟೈನ್ ಚಿತ್ರಕಾರರ ಹಳೆಯ ಲೆಕ್ಕ ಇದು: ಮೂಗಿನ ಉದ್ದವೇ ಅಳತೆಗೋಲು. ನಮ್ಮ ಹಲಗೆಗೆ ಮೂಗು 3 ಸೆಂ.ಮೀ. ಇರಲಿ. ಮೇಲಂಚಿನಿಂದ 13 ಸೆಂ.ಮೀ. ಕೆಳಗೆ, ಅಗಲದ ನಟ್ಟನಡುವೆ ಒಂದು ಚುಕ್ಕೆ ಇಡಿ. ಅದು ಎರಡು ಕಣ್ಣುಗಳ ನಡುವಿನ ಮೂಗಿನ ಬುಡ. ಅಲ್ಲಿ ಕೈವಾರ ಊರಿ 3, 6, 9 ಸೆಂ.ಮೀ. ತ್ರಿಜ್ಯದ ಮೂರು ವೃತ್ತ ಎಳೆಯಿರಿ. ಒಳಗಿನದು ಹಣೆ, ಕೆನ್ನೆ, ಮೂಗಿನ ತುದಿಯ ಮೇರೆ. ನಡುವಿನದು ಕೂದಲಿನ ಹೊರ ಅಂಚು, ಕೆಳಗೆ ಗಲ್ಲ. ಹೊರಗಿನದು ಪ್ರಭಾವಲಯ. ಗಡ್ಡ ನಡುವಿನ ವೃತ್ತ ದಾಟಿ ಎರಡು ಮೊನೆಯಾಗಿ ಇಳಿಯುತ್ತದೆ, ಕೂದಲು ಎರಡೂ ಕಡೆ ಸಮವಾಗಿ ಹರಡುತ್ತದೆ. ಕಣ್ಣುಗಳು ಕೇಂದ್ರದ ಅಡ್ಡಗೆರೆಯ ಮೇಲೆ. ಬಾಯಿ ಸಣ್ಣದು, ಮೂಗು ತೆಳ್ಳಗೆ. ಪ್ರಭಾವಲಯದೊಳಗೆ ಶಿಲುಬೆಯ ಮೂರು ತೋಳು ಮಾತ್ರ ಕಾಣುತ್ತವೆ, ನಾಲ್ಕನೆಯದು ಮುಖದ ಹಿಂದೆ.

ಇದನ್ನೆಲ್ಲ ಮೊದಲು ಕಾಗದದ ಮೇಲೆ ಮಾಡಿ ತೀರಿಸಿಕೊಳ್ಳಿ. ಬಿಳಿ ನೆಲದ ಮೇಲೆ ರಬ್ಬರ್ ಉಜ್ಜುವಂತಿಲ್ಲ. ಕಾಗದದ ಹಿಂಬದಿಗೆ ಒಣ ಕಾವಿ ಪುಡಿ ಸವರಿ, ಹಲಗೆಯ ಮೇಲಿಟ್ಟು, ಗಟ್ಟಿ ಪೆನ್ಸಿಲಿನಿಂದ ಗೆರೆಗಳ ಮೇಲೆ ಹೋದರೆ ಅಚ್ಚು ಇಳಿಯುತ್ತದೆ. ಆಮೇಲೆ ಪ್ರಭಾವಲಯದ ವೃತ್ತ, ಕಣ್ಣಿನ ರೆಪ್ಪೆ, ಮೂಗಿನ ಗೆರೆಗಳನ್ನು ಸೂಜಿಯಿಂದ ಮೆಲ್ಲಗೆ ಗೀರಿಡಿ. ಬಣ್ಣದ ಪದರಗಳ ಕೆಳಗೆ ಗೆರೆ ಕಳೆದುಹೋದಾಗ ಆ ಗೀರೇ ದಾರಿ ತೋರಿಸುವುದು.

ಕಲಿಯಲು ಮ್ಯೂಸಿಯಂನ ಹಳೆಯ ಐಕಾನುಗಳನ್ನು ಎದುರಿಗಿಟ್ಟುಕೊಳ್ಳಿ. ಇಂದು ಬದುಕಿರುವ ಚಿತ್ರಕಾರರ ಹಲಗೆಯನ್ನು ಗೆರೆಗೆ ಗೆರೆ ನಕಲು ಮಾಡಿ ಮಾರುವುದು ಕಳ್ಳತನ.

ಬೆಳ್ಳುಳ್ಳಿ ಮತ್ತು ಚಿನ್ನ

ಚಿನ್ನದ ಕೆಲಸ ಬಣ್ಣಕ್ಕಿಂತ ಮೊದಲು. ಮೊಟ್ಟೆಯ ಬಣ್ಣ ಹಚ್ಚಿದ ಮೇಲೆ ಚಿನ್ನ ತಂದರೆ ಬೇಡದ ಕಡೆಯೆಲ್ಲ ಅಂಟಿಕೊಳ್ಳುತ್ತದೆ. ಇಡೀ ಪ್ರಭಾವಲಯಕ್ಕೆ ಚಿನ್ನ ಹೊದಿಸುವುದು ಕೆಂಜೇಡಿಯ ನಾಲ್ಕೈದು ಪದರ, ಅಗೇಟ್ ಕಲ್ಲಿನ ಹೊಳಪು ಇವೆಲ್ಲ ಬೇಡುವ ಬೇರೆಯೇ ವಿದ್ಯೆ. ಮೊದಲ ಹಲಗೆಗೆ ಅದು ಬೇಡ. ಬಿಳಿ ನೆಲದ ಐಕಾನಿಗೆ ಎರಡು ತೆಳು ಚಿನ್ನದ ವೃತ್ತ, ಶಿಲುಬೆಯ ಹೊರಗೆರೆ ಇಷ್ಟಿದ್ದರೆ ತುಂಬಿ ಬರುತ್ತದೆ.

ಏಳೆಂಟು ಎಸಳು ಬೆಳ್ಳುಳ್ಳಿ ಜಜ್ಜಿ ಬಟ್ಟೆಯಲ್ಲಿ ಹಿಂಡಿ. ರಸಕ್ಕೆ ಚಿಟಿಕೆ ಕಾವಿ ಬೆರೆಸಿ, ಎಲ್ಲಿ ಎಳೆದಿದ್ದೀರಿ ಎಂದು ಕಾಣಲು. ಕೈವಾರಕ್ಕೆ ಶಾಯಿಯ ಕೊಕ್ಕು ಕಟ್ಟಿ ವೃತ್ತ ಎಳೆಯಿರಿ. ನೆಲ ರಸವನ್ನು ಹೀರುತ್ತದೆ, ಆದ್ದರಿಂದ ಒಣಗಿಸುತ್ತ ಎರಡು ಮೂರು ಸಲ ಅದೇ ಗೆರೆಯ ಮೇಲೆ ಹೋಗಿ. ಗೆರೆ ಒಣಗಿಯೂ ಹೊಳೆಯುತ್ತಿದ್ದರೆ ಸಾಕು. ನಂತರ ಬಾಯಿ ಅಗಲ ತೆರೆದು ಎರಡು ಮೂರು ಬಾರಿ ಬಿಸಿಯುಸಿರು ಬಿಟ್ಟು, ಕಾಗದಕ್ಕೆ ಅಂಟಿಸಿ ಬರುವ ಅಪ್ಪಟ ಚಿನ್ನದ ಹಾಳೆಯನ್ನು ಒತ್ತಿ ಎತ್ತಿ. ಒಣ ಮೃದು ಬ್ರಷ್‌ನಿಂದ ಹೆಚ್ಚಾದದ್ದನ್ನು ಗುಡಿಸಿ. ಗೆರೆ ತುಂಡುತುಂಡಾಗಿ ಬಂದರೆ ಉಸಿರು ಸಾಲದು ಅಥವಾ ರಸ ನೆಲಕ್ಕೆ ಇಳಿದುಹೋಗಿದೆ. ಅಲ್ಲಿ ಮಾತ್ರ ಮತ್ತೆ ರಸ ಎಳೆಯಿರಿ. ಅಗ್ಗದ ಹಿತ್ತಾಳೆ ಹಾಳೆ ಒಂದೆರಡು ಮಳೆಗಾಲದಲ್ಲಿ ಕಪ್ಪು ಹಸಿರಾಗುತ್ತದೆ. ಚಿನ್ನಕ್ಕೆ ದುಡ್ಡಿಲ್ಲದಿದ್ದರೆ ಹಳದಿ ಮಣ್ಣಿನ ಬಣ್ಣದಲ್ಲೇ ವೃತ್ತ ಎಳೆಯಿರಿ, ಅದರಲ್ಲಿ ಯಾವ ಕೊರತೆಯೂ ಇಲ್ಲ.

ಮೊಟ್ಟೆ ಮತ್ತು ಮಣ್ಣು

ಕೋಳಿಮೊಟ್ಟೆ ಒಡೆದು ಬಿಳಿ ಬಸಿದು ಬಿಡಿ. ಹಳದಿಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಉರುಳಿಸುತ್ತ, ಖಾಲಿಯಾದ ಕೈಯನ್ನು ಪ್ರತಿ ಸಲ ಒರಸಿಕೊಳ್ಳುತ್ತ ಒಣಗಿಸಿ. ಈಗ ಅದರ ಸಿಪ್ಪೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಟ್ಟಲಿನ ಮೇಲೆ ಚುಚ್ಚಿ. ಹಳದಿ ಕೆಳಗಿಳಿಯುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಸಿಪ್ಪೆ ಬಟ್ಟಲಿಗೆ ಬಿದ್ದರೆ ಬಣ್ಣದಲ್ಲಿ ನೂಲುನೂಲಾಗಿ ಸಿಕ್ಕುತ್ತದೆ. ಹಳದಿಯಷ್ಟೇ ನೀರು, ಒಂದು ಚಮಚ ಬಿಳಿ ವಿನೆಗರ್ ಸೇರಿಸಿ. ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ, ಮೇಜಿನ ಮೇಲೆ ಬೇಸಿಗೆಯಲ್ಲಿ ಸಂಜೆವರೆಗೂ ಇರುವುದಿಲ್ಲ.

ಬೇಕಾದ ಪುಡಿಗಳು: ಹಳದಿ ಮಣ್ಣು, ಕಾವಿ, ಸುಟ್ಟ ಸಿಯೆನ್ನಾ ಮತ್ತು ಅಂಬರ್ ಎಂಬ ಕಂದು ಮಣ್ಣುಗಳು, ಹಸಿರು ಮಣ್ಣು, ಕಪ್ಪು, ಟೈಟಾನಿಯಂ ಬಿಳಿ. ಹಳೇ ಕೈಪಿಡಿಗಳಲ್ಲಿ ಬರುವ ಇಂಗಳಿಕ, ಹರಿದಾಳ, ಸೀಸದ ಬಿಳಿ ವಿಷ, ಮನೆಯೊಳಗೆ ತರಬೇಡಿ. ಪುಡಿಯನ್ನು ಗಾಜಿನ ಮೇಲೆ ನೀರಲ್ಲಿ ಅರೆದು ಚಟ್ನಿಯ ಹದಕ್ಕೆ ತನ್ನಿ. ಬರೆಯುವಾಗ ಆ ಅರಪು ಒಂದು ಪಾಲಿಗೆ ಮೊಟ್ಟೆಯ ದ್ರವ ಒಂದು ಪಾಲು. ಹದ ನೋಡಲು ಗಾಜಿನ ಮೇಲೊಂದು ಪಟ್ಟೆ ಬಳಿದು, ಒಣಗಿದ ಮೇಲೆ ಬ್ಲೇಡಿನಲ್ಲಿ ಕೆರೆಯಿರಿ. ರಿಬ್ಬನ್ನಿನಂತೆ ಸುರುಳಿಯಾಗಿ ಬಂದರೆ ಸರಿ. ಪುಡಿಯಾದರೆ ಮೊಟ್ಟೆ ಸಾಲದು. ಎಣ್ಣೆ ಸವರಿದಂತೆ ಹೊಳೆದರೆ ಹೆಚ್ಚಾಗಿದೆ. ಅಂಥ ಪದರದ ಮೇಲೆ ಮುಂದಿನದು ನಿಲ್ಲುವುದಿಲ್ಲ.

ಮುಖದ ತಳಬಣ್ಣಕ್ಕೆ ಹಳದಿ ಮಣ್ಣು ಮೂರು ಪಾಲು, ಹಸಿರು ಮಣ್ಣು ಎರಡು, ಕಪ್ಪು ಮತ್ತು ಸಿಯೆನ್ನಾ ಅರ್ಧರ್ಧ. ಆಲಿವ್ ಕಾಯಿಯ ಬಣ್ಣ ಬರುತ್ತದೆ. ಹಲಗೆಯನ್ನು ಮಲಗಿಸಿ, ರಸಮಟ್ಟ ಇಟ್ಟು ನೋಡಿ. ಬಣ್ಣವನ್ನು ನೀರಾಗಿಸಿ, ತುಂಬಿದ ಬ್ರಷ್‌ನಿಂದ ಮುಖದ ಜಾಗದಲ್ಲಿ ಒಂದು ಕೊಚ್ಚೆಯಂತೆ ನಿಲ್ಲಿಸಿ, ಬ್ರಷ್‌ನ ತುದಿಯಿಂದ ಅಂಚಿಗೆ ನೂಕಿ, ಬಿಟ್ಟುಬಿಡಿ. ಬಣ್ಣದ ಕಣಗಳು ತಾವೇ ಕೂರುತ್ತವೆ. ಒದ್ದೆಯಿರುವಾಗ ತಿದ್ದಿದರೆ ಗೆರೆಗೆರೆಯಾಗಿ ಮಚ್ಚೆ ಬೀಳುತ್ತದೆ. ಎರಡು ಅಥವಾ ಮೂರು ಇಂಥ ತೆಳು ಪದರ ಸಾಕು. ಕೆಳಗಿನ ಬಿಳಿ ಮಸುಕಾಗಿ ಕಾಣುತ್ತಿರಬೇಕು. ಇಲ್ಲಿ ದಪ್ಪ ಹಚ್ಚಿದರೆ ಇಷ್ಟು ದಿನ ಕಟ್ಟಿದ ನೆಲ ಸತ್ತಂತೆ. ಮುಖ ಮಣ್ಣಾಗುತ್ತದೆ, ಮುಂದೆ ಎಷ್ಟು ಬಿಳಿ ಇಟ್ಟರೂ ಸುಣ್ಣ ಬಳಿದ ಹಾಗೆ ಮೇಲೆ ಕೂರುತ್ತದೆಯೇ ಹೊರತು ಒಳಗಿಂದ ಬೆಳಗುವುದಿಲ್ಲ.

ಒಂದು ರಾತ್ರಿ ಬಿಟ್ಟು, ಸುಟ್ಟ ಸಿಯೆನ್ನಾಕ್ಕೆ ಅಂಬರ್ ಬೆರೆಸಿ ಹುಬ್ಬು, ರೆಪ್ಪೆ, ಮೂಗು, ತುಟಿಯ ನಡುಗೆರೆ ತಿದ್ದಿ. ಆಮೇಲೆ ಬೆಳಕು. ಮೊದಲನೆಯದು ಹಳದಿ ಮಣ್ಣು, ಬಿಳಿ ಸಮಪಾಲು, ಕಾವಿ ಒಂದು ಚಿಟಿಕೆ: ಹಣೆ, ಕೆನ್ನೆಯ ಮೇಲ್ಭಾಗ, ಮೂಗಿನ ದಿಂಡು. ಎರಡನೆಯದರಲ್ಲಿ ಬಿಳಿ ಎರಡು ಪಾಲು, ಜಾಗ ಅರ್ಧ. ಮೂರನೆಯದು ಹೆಚ್ಚುಕಡಿಮೆ ಬರೀ ಬಿಳಿ. ಕಣ್ಣಿನ ಕೆಳಗೆ, ಮೂಗಿನ ತುದಿಯಲ್ಲಿ ಕೂದಲೆಳೆಯ ಗೆರೆಗಳಷ್ಟೇ. ಪ್ರತಿ ಸಲ ಜಾಗ ಕುಗ್ಗಬೇಕು, ಬೆಳಕು ಏರಬೇಕು. ಬ್ರಷ್ ಹೆಚ್ಚೂ ಕಡಿಮೆ ಒಣಗಿರಲಿ, ಒಂದು ಎಳೆದ ಗೆರೆಯ ಮೇಲೆ ತಕ್ಷಣ ಎರಡನೆಯದು ಹೋಗಬಾರದು; ಹೋದರೆ ಕೆಳಗಿನ ಬಣ್ಣ ಕಿತ್ತು ಬರುತ್ತದೆ, ತೂತು ಬೀಳುತ್ತದೆ. ಹಾಗಾದರೆ ಅಂದು ಕೈ ಎತ್ತಿಬಿಡಿ, ಮರುದಿನ ತಳಬಣ್ಣದ ಚುಕ್ಕೆಗಳಿಂದ ತುಂಬಿ. ಕೆನ್ನೆ, ತುಟಿಗೆ ನೀರುನೀರಾದ ಕಾವಿ. ಕೂದಲಿಗೆ ಅಂಬರ್, ಅದರ ಮೇಲೆ ಹಳದಿ ಮಣ್ಣಿನ ಎಳೆಗಳು.

ಕಣ್ಣು ಕೊನೆಗೆ. ಕಣ್ಣಾಲಿ ಪೂರ್ತಿ ಕಪ್ಪು ಬೇಡ, ಸುತ್ತ ಅಂಬರ್, ನಡುವೆ ಕಪ್ಪು. ಕಣ್ಣಿನ ಬಿಳಿಗೆ ಬಿಳಿ ಬಣ್ಣ ತುಂಬಿದರೆ ಮುಖ ಬೆಚ್ಚಿಬಿದ್ದಂತೆ ಕಾಣುತ್ತದೆ. ಬೂದಿ ಬೆರೆತ ಬಿಳಿಯ ಒಂದು ಸಣ್ಣ ಗೆರೆ ಒಂದೊಂದು ಬದಿಗೆ ಸಾಕು.

ಬಟ್ಟೆಯ ಜಾಗ ಬಿಳಿಯೇ. ಅದರ ಮೇಲಿನ ಎರಡು ಮೂಲೆಯಲ್ಲಿ ಗಂಟು ಸೂಚಿಸುವ ಎರಡೆರಡು ಬೂದು ಗೆರೆ, ಕೆಳಗೆ ಇಳಿಬಿದ್ದ ಅಂಚಿಗೆ ಕಾವಿಯ ಎರಡು ಪಟ್ಟೆ. ಉಕ್ರೇನಿನ ಮನೆಗಳಲ್ಲಿ ಐಕಾನ್ ಇಡುವ ಮೂಲೆಯಲ್ಲಿ ರುಷ್ನಿಕ್ ಎಂಬ ಕಸೂತಿ ವಸ್ತ್ರ ಹೊದಿಸುತ್ತಾರೆ. ಉದ್ದ ಬಿಳಿ ಬಟ್ಟೆ, ಎರಡು ತುದಿಗೆ ಕೆಂಪು ಕಸೂತಿ. ಆ ಕೆಂಪು ಪಟ್ಟೆ ಅದರ ನೆನಪು. ಹೂವು, ಬಳ್ಳಿ ತುಂಬಿಸುವ ಆಸೆ ಬರುತ್ತದೆ. ತಡೆದುಕೊಳ್ಳಿ.

ಅಕ್ಷರ

ಹೆಸರು ಬರೆಯದ ಐಕಾನ್ ಮುಗಿದದ್ದಲ್ಲ. ಶಿಲುಬೆಯ ಮೂರು ತೋಳುಗಳಲ್ಲಿ ಗ್ರೀಕಿನ ಓಮಿಕ್ರಾನ್, ಓಮೆಗಾ, ನ್ಯೂ ಎಂಬ ಮೂರು ಅಕ್ಷರ ಬರುತ್ತವೆ. ಅರ್ಥ "ಇರುವಾತ", ವಿಮೋಚನಕಾಂಡ 3:14ರಲ್ಲಿ ದೇವರು ಮೋಶೆಗೆ ಹೇಳಿದ ಹೆಸರು. ಪ್ರಭಾವಲಯದ ಹೊರಗೆ ಎಡಕ್ಕೂ ಬಲಕ್ಕೂ ಯೇಸು, ಕ್ರಿಸ್ತ ಎಂಬ ಗ್ರೀಕ್ ಪದಗಳ ಮೊದಲ ಮತ್ತು ಕೊನೆಯ ಅಕ್ಷರ, ಮೇಲೊಂದು ಅಡ್ಡಗೆರೆ. ಗೆರೆ ಮರೆಯಬೇಡಿ, ಪದವನ್ನು ಮೊಟಕುಗೊಳಿಸಿದೆ ಎಂಬುದರ ಗುರುತು ಅದು. ಅಕ್ಷರಗಳ ಎತ್ತರ 1.5 ಸೆಂ.ಮೀ., ಬಣ್ಣ ಕಾವಿ.

ಹೊಳಪು ಬೇಡ

ಹಳೆಯ ಐಕಾನುಗಳಿಗೆ ಕುದಿಸಿದ ಅಗಸೆ ಎಣ್ಣೆ ಸುರಿಯುತ್ತಿದ್ದರು. ಬಣ್ಣ ಆಳವಾಗುತ್ತದೆ ನಿಜ. ಆದರೆ ಎಣ್ಣೆ ದಶಕಗಳಲ್ಲಿ ಕಂದು ಕಪ್ಪಾಗುತ್ತದೆ, ಹೊದಿಸದೆ ಬಿಟ್ಟ ಬಿಳಿ ನೆಲಕ್ಕಂತೂ ಹಚ್ಚಿದ ದಿನವೇ ಎಣ್ಣೆಕಲೆಯಾಗುತ್ತದೆ. ಬಿಳಿ ನೆಲದ ಹಲಗೆಯನ್ನು ಮಂಕಾಗಿಯೇ ಬಿಡಿ. ಮೊಟ್ಟೆಯ ಬಣ್ಣ ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಗಟ್ಟಿಯಾಗಲು ಆರು ತಿಂಗಳು ಬೇಕು, ಅಲ್ಲಿಯವರೆಗೆ ಉಗುರು ತಾಗಿದರೂ ಗೀರು. ಕರಾವಳಿ, ಮಲೆನಾಡಿನಲ್ಲಿ ಮೊದಲ ಮಳೆಗಾಲದಲ್ಲಿ ಮೊಟ್ಟೆಗೆ ಬೂಷ್ಟು ಬರುವುದುಂಟು. ಹೊರಗೋಡೆಗೆ ತೂಗುಹಾಕಬೇಡಿ, ಹಿಂದೆ ಗಾಳಿಯಾಡಲು ಎರಡು ಬಿರಡೆ ಅಂಟಿಸಿ. ಬಂದ ಬೂಷ್ಟನ್ನು ಒಣ ಬ್ರಷ್‌ನಿಂದಲೇ ತೆಗೆಯಬೇಕು, ಒದ್ದೆ ಬಟ್ಟೆ ತಾಗಿಸಿದರೆ ಮುಖವೇ ಅಳಿಸುತ್ತದೆ. ಗಾಜು ಹಾಕಿಸುವುದಾದರೆ ಗಾಜಿಗೂ ಹಲಗೆಗೂ ನಡುವೆ 5 ಮಿ.ಮೀ. ಸಂದು ಇರಲಿ.

ಗಾಜೆಂದರೆ ನೆನಪಾಯಿತು: ಕಾರ್ಪೇಥಿಯನ್ ಬೆಟ್ಟಗಳ ಹುತ್ಸುಲ್ ಜನ 19ನೆಯ ಶತಮಾನದಲ್ಲಿ ಗಾಜಿನ ಹಿಂಬದಿಯಲ್ಲಿ ಬರೆಯುತ್ತಿದ್ದ ಐಕಾನುಗಳನ್ನು ಮಾರ್ಕೊವಿಚ್ ಅವರಂಥವರು ಇಂದು ಹೊಸದಾಗಿ ಬರೆಯುತ್ತಿದ್ದಾರೆ. ಮೈಸೂರು, ತಂಜಾವೂರಿನ ಹಳೇ ಮನೆಗಳ ಗಾಜಿನ ಚಿತ್ರ ನೋಡಿದವರಿಗೆ ಈ ಕ್ರಮ ಹೊಸದಲ್ಲ. ಎಲ್ಲ ತಿರುವುಮುರುವು: ಮೊದಲು ಕಪ್ಪು ಗೆರೆ, ಆಮೇಲೆ ಬೆಳಕು, ಆಮೇಲೆ ಮೈಬಣ್ಣ, ಕೊನೆಗೆ ಹಿನ್ನೆಲೆ, ಅಕ್ಷರ ಕನ್ನಡಿಬಿಂಬದಂತೆ. ಗಾಜನ್ನು ಸ್ಪಿರಿಟ್‌ನಿಂದ ಒರಸದೆ ಶುರುಮಾಡಿದರೆ ಮೊದಲ ಗೆರೆಯೇ ನಿಲ್ಲುವುದಿಲ್ಲ.

ನೆಲವಿಲ್ಲದ ಹಲಗೆ

ಇಷ್ಟೆಲ್ಲ ನೆಲದ ಬಗ್ಗೆ ಹೇಳಿದ ಮೇಲೆ, ಬಿಳಿ ನೆಲವನ್ನೇ ಬಿಟ್ಟುಕೊಟ್ಟ ಐಕಾನುಗಳ ಮಾತೂ ಬರಬೇಕು. ಕೀವ್‌ನ ಒಲೆಕ್ಸಾಂದ್ರ್ ಕ್ಲಿಮೆಂಕೊ ಮತ್ತು ಸೋಫಿಯಾ ಅತ್ಲಾಂತೋವಾ ದಂಪತಿ, 2014ರಲ್ಲಿ ಪೂರ್ವ ಉಕ್ರೇನಿನ ದೊನ್ಬಾಸ್‌ನಲ್ಲಿ ಯುದ್ಧ ಶುರುವಾದ ಮೇಲೆ, ಮದ್ದುಗುಂಡು ತುಂಬಿ ಬಂದ ಮರದ ಪೆಟ್ಟಿಗೆಗಳ ಮುಚ್ಚಳ, ತಳದ ಹಲಗೆಗಳ ಮೇಲೆ ಐಕಾನ್ ಬರೆಯತೊಡಗಿದರು. ಹಲಗೆ ಜೋಡಿಸಿ ಅಡ್ಡಪಟ್ಟಿ ಹೊಡೆದ ಆ ಮುಚ್ಚಳ ಹಳೆಯ ಐಕಾನ್ ಹಲಗೆಯಂತೆಯೇ ಕಾಣುತ್ತದೆ. ಮಾರಿ ಬಂದ ಹಣ ಪಿರೋಗೋವ್ ಹೆಸರಿನ ಸ್ವಯಂಸೇವಕ ಸಂಚಾರಿ ಆಸ್ಪತ್ರೆಗೆ ಹೋಯಿತು. ಅಲ್ಲಿ ಒರಟು ಮರ, ಮೊಳೆತೂತು, ಕಬ್ಬಿಣದ ಕೊಂಡಿ ಎಲ್ಲ ಕಾಣುತ್ತಲೇ ಇರುತ್ತವೆ. ಆ ಮರ ಎಲ್ಲಿಂದ ಬಂದದ್ದು ಎಂಬುದೇ ಚಿತ್ರದ ಅರ್ಧ ಮಾತು, ಅದನ್ನು ಲೆವ್ಕಾಸ್‌ನಿಂದ ಮುಚ್ಚಿದರೆ ಆ ಮಾತನ್ನೇ ಮುಚ್ಚಿದ ಹಾಗೆ.

ಇದನ್ನು ನೋಡಿ, ಹೊಸ ಹಲಗೆಗೆ ಹಸಿರು ಬಣ್ಣ ಬಳಿದು, ಸುಟ್ಟು, ಡ್ರಿಲ್‌ನಿಂದ ಗುಂಡಿನ ತೂತು ಮಾಡಿ ಐಕಾನ್ ಬರೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೇರೆಯವರ ಸಾವುನೋವನ್ನು ಅಲಂಕಾರಕ್ಕೆ ಕಡ ತಂದಂತಾಗುತ್ತದೆ. ನಿಮ್ಮ ಮನೆಯಲ್ಲೇ ಬಾಳಿ ಬದುಕಿದ ಮರ ಇದ್ದರೆ, ಕಿತ್ತ ಕಿಟಕಿಯ ಬಾಗಿಲು, ಅಜ್ಜಿಯ ಕಾಲದ ಪೆಟ್ಟಿಗೆಯ ಮುಚ್ಚಳ, ಅದನ್ನು ತೆಗೆದುಕೊಳ್ಳಿ. ಒಣ ಬ್ರಷ್‌ನಿಂದ ಧೂಳು ತೆಗೆದು, ಎದ್ದ ಚೂರುಗಳನ್ನು ಅಂಟಿಸಿ. ಗಂಟುಗಳಿಗೆ ಅರಗು ಕರಗಿಸಿದ ಸ್ಪಿರಿಟ್ ಎರಡು ಸಲ ಹಚ್ಚಿ, ಇಲ್ಲದಿದ್ದರೆ ರಾಳ ಒಸರಿ ಬಣ್ಣಕ್ಕೆ ಹಳದಿ ಕಲೆ ಬರುತ್ತದೆ. ಇಡೀ ಮೈಗೆ 4 ಶೇಕಡಾ ಅಂಟುನೀರು ಒಂದೇ ಸಲ. ಒಣಗಿದ ಮೇಲೆ ಮೊಟ್ಟೆಯ ಬಣ್ಣದಲ್ಲಿ ನೇರ ಬರೆಯಿರಿ. ಇಲ್ಲಿ ಕೆಳಗಿಂದ ಬೆಳಕು ಬರುವುದಿಲ್ಲ, ಆದ್ದರಿಂದ ಕ್ರಮ ಬೇರೆ: ತಳಬಣ್ಣವೇ ಬೇಡ, ಮರದ ಕಂದನ್ನೇ ನೆರಳಾಗಿ ಬಿಟ್ಟು ಬೆಳಕಿನ ಜಾಗಗಳನ್ನು ಮಾತ್ರ ದಪ್ಪಗೆ ಇಡುವುದು. ಮೊಳೆತೂತು ಕೆನ್ನೆಯ ಮೇಲೆ ಬಂದರೆ ಚಿತ್ರವನ್ನು ಒಂದು ಬೆರಳು ಆಚೆ ಸರಿಸಿ, ತೂತಿಗೆ ಮೇಣ ತುಂಬಬೇಡಿ. ಹಿಂಬದಿಯಲ್ಲಿ ಯಾರೋ ಸೀಮೆಸುಣ್ಣದಲ್ಲಿ ಬರೆದಿಟ್ಟ ಅಳತೆ, ಲೆಕ್ಕ, ಹೆಸರು ಇದ್ದರೆ ಅದನ್ನೂ ಒರಸಬೇಡಿ.